ಕುಂದಾಪುರ–ಉಡುಪಿ–ಆಗುಂಬೆ, ಮೂರು ದಿನ: ರೋಡ್ ಬೈಕ್‌ಗೆ ಯಾವ ರೂಟ್?

ಹ್ಯಾಂಡಲ್‌ಬಾರ್

ನವೆಂಬರ್ ಮೂರನೇ ವಾರ ಬೆಂಗಳೂರಿಂದ ಇಬ್ಬರು ರಾತ್ರಿ ಬಸ್ಸಿಗೆ ಸೈಕಲ್ ಹಾಕಿಕೊಂಡು ಕರಾವಳಿಗೆ ಬರ್ತಾ ಇದ್ದೇವೆ. ರೋಡ್ ಬೈಕ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್, 28 ಎಂಎಂ ಟಯರ್, ಗೇರ್ ಹಲ್ಲು ಮುಂದೆ 50/34, ಹಿಂದೆ 11-28. ದಿನಕ್ಕೆ ನೂರು ಕಿಲೋಮೀಟರ್ ಕಷ್ಟವಿಲ್ಲ, ಆದರೆ ನಂದಿ ಬೆಟ್ಟ ಬಿಟ್ಟರೆ ದೊಡ್ಡ ಏರು ಹತ್ತಿ ಅಭ್ಯಾಸ ಇಲ್ಲ.

ಮರವಂತೆ, ಒಳಗಿನ ಹೊಳೆ-ಗದ್ದೆ ರಸ್ತೆಗಳು, ಕೊನೆಗೆ ಆಗುಂಬೆ, ಇಷ್ಟು ಬೇಕು. ಹೈವೇ 66 ಎಷ್ಟು ತಪ್ಪಿಸಬಹುದು? 11-28ರಲ್ಲಿ ಆಗುಂಬೆ ಹತ್ತುತ್ತಾ?

ಕೋಡಿ ಗಾಳಿ

ಮೊದಲು ಗಾಳಿ ನೋಡಿ, ಆಮೇಲೆ ಮ್ಯಾಪ್. ನವೆಂಬರ್‌ನಲ್ಲಿ ಬೆಳಿಗ್ಗೆ ಗಟ್ಟದ ಕಡೆಯಿಂದ ತೆಳುವಾಗಿ ಬೀಸುತ್ತದೆ. ಹನ್ನೊಂದು ದಾಟಿದ ಮೇಲೆ ಕಡಲ ಗಾಳಿ ಏಳುತ್ತದೆ, ಅದು ಹೆಚ್ಚಾಗಿ ವಾಯವ್ಯದಿಂದ. ಹಾಗಾಗಿ ಮಧ್ಯಾಹ್ನದ ನಂತರ ಕಡಲ ಬದಿಯಲ್ಲಿ ಉತ್ತರಕ್ಕೆ ಹೊರಟರೆ ಎದುರುಗಾಳಿ, ದಕ್ಷಿಣಕ್ಕೆ ಹೊರಟರೆ ಬೆನ್ನಿಗೆ ಗಾಳಿ. ಹೆಚ್ಚಿನವರು ಉಡುಪಿಯಲ್ಲಿ ಇಳಿದು ತಿಂಡಿ ತಿಂದು ಮರವಂತೆಗೆ ಹೊರಡುತ್ತಾರೆ, ಆಮೇಲೆ ದಾರಿಯುದ್ದ ಗಾಳಿಗೆ ಬೈಯುತ್ತಾರೆ.

ನೀವು ಉಡುಪಿಯಲ್ಲಿ ಇಳಿಯಬೇಡಿ, ಕುಂದಾಪುರಕ್ಕೇ ಟಿಕೆಟ್ ಮಾಡಿ. ಮೊದಲ ದಿನ ಕುಂದಾಪುರ–ಹೆಮ್ಮಾಡಿ–ವಂಡ್ಸೆ–ಜಡ್ಕಲ್–ಕೊಲ್ಲೂರು, ಅಲ್ಲಿಂದ ಗೋಳಿಹೊಳೆ ಮೇಲೆ ಬೈಂದೂರು, ಮತ್ತೆ ತ್ರಾಸಿ–ಮರವಂತೆ–ಕುಂದಾಪುರ. ಸುಮಾರು 100 ಕಿ.ಮೀ. ಸುತ್ತು. ಹೆಮ್ಮಾಡಿಯಲ್ಲಿ ಹೈವೇ ಬಿಟ್ಟರೆ ಬೈಂದೂರಿನವರೆಗೆ ಅದರ ಮುಖ ನೋಡಬೇಕಾಗಿಲ್ಲ. ಗದ್ದೆ, ಅಡಿಕೆ ತೋಟ, ಆಮೇಲೆ ಮೂಕಾಂಬಿಕಾ ಅಭಯಾರಣ್ಯದ ನೆರಳು. ಉದ್ದದ ಏರಿಲ್ಲ, ಆದರೆ ಇನ್ನೂರು-ಮುನ್ನೂರು ಮೀಟರಿನ ಸಣ್ಣ ಏರುಗಳು ಒಂದರ ಹಿಂದೊಂದು. ಪ್ರತಿಯೊಂದಕ್ಕೂ ಎದ್ದು ನಿಂತು ತುಳಿದರೆ ಕೊಲ್ಲೂರು ಮುಟ್ಟುವಾಗ ಕಾಲು ಖಾಲಿ. ಕೊಲ್ಲೂರಿನಲ್ಲಿ ನೆಟ್ಟಗೆ ಹೋಗಿಬಿಟ್ಟರೆ ನಾಗೋಡಿ ಕಡೆಯ ಘಾಟಿ, ಅದಕ್ಕೆ ಕೈ ಹಾಕಬೇಡಿ. ಶುಕ್ರವಾರ, ಭಾನುವಾರ ಬೇಡ: ದೇವಸ್ಥಾನಕ್ಕೆ ಬರುವ ವಾಹನಗಳು ಆ ಕಿರಿದಾದ ತಿರುವುಗಳಲ್ಲಿ ನಿಮ್ಮನ್ನು ಮಣ್ಣಿಗೆ ಇಳಿಸುತ್ತವೆ.

ಬೈಂದೂರಿಗೆ ಮಧ್ಯಾಹ್ನ ಒಂದರ ಸುಮಾರಿಗೆ ಬಂದರೆ ಅಲ್ಲಿಂದ ಕುಂದಾಪುರಕ್ಕೆ 33 ಕಿ.ಮೀ. ಗಾಳಿಯೇ ದೂಡುತ್ತದೆ. ಮರವಂತೆಯಲ್ಲಿ ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ. ಫೋಟೋ ಬೇಕಿದ್ದರೆ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿ, ಬಿಳಿ ಗೆರೆಯ ಮೇಲಲ್ಲ. ಹೈವೇಯಲ್ಲಿ ನೋಡಿಕೊಳ್ಳಬೇಕಾದ್ದು ಎರಡು. ಒಂದು, ಶೋಲ್ಡರ್‌ನಲ್ಲಿ ಎದುರಿನಿಂದ ಬರುವ ಬೈಕು, ರಿಕ್ಷಾ. ಇನ್ನೊಂದು, ಸೇತುವೆಗಳ ಜಾಯಿಂಟ್: ಅಂಚಿನಲ್ಲಿ ಡಾಂಬರು ಕಿತ್ತು ಕಬ್ಬಿಣದ ಪಟ್ಟಿ ಎದ್ದಿರುತ್ತದೆ. ಓರೆಯಾಗಿ ದಾಟಿದರೆ ಟ್ಯೂಬ್ ಕಚ್ಚುತ್ತದೆ. ನೇರವಾಗಿ, ಸೀಟಿನಿಂದ ಸ್ವಲ್ಪ ಎದ್ದು, ಕೈ ಸಡಿಲ ಬಿಟ್ಟು ದಾಟಿ.

ಎರಡನೇ ದಿನ ಕುಂದಾಪುರದಿಂದ ಉಡುಪಿಗೆ. ಸಾಸ್ತಾನದವರೆಗೆ ಹೈವೇಯೇ ಗತಿ, ಸುಮಾರು 20 ಕಿ.ಮೀ. ಅಲ್ಲಿ ಬಲಕ್ಕೆ ತಿರುಗಿ ಹಂಗಾರಕಟ್ಟೆ, ಬಾರ್ಜ್‌ನಲ್ಲಿ ಹೊಳೆ ದಾಟಿ ಕೋಡಿ ಬೆಂಗ್ರೆ, ಅಲ್ಲಿಂದ ಕಡಲಿಗೂ ಹಿನ್ನೀರಿಗೂ ನಡುವಿನ ರಸ್ತೆಯಲ್ಲಿ ಮಲ್ಪೆ. ಬಾರ್ಜ್ ಇದೆಯೋ ಇಲ್ಲವೋ ಹಿಂದಿನ ದಿನವೇ ವಿಚಾರಿಸಿ. ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ (ಸಾಸ್ತಾನದ ಟೋಲ್‌ನಲ್ಲೂ ಸೈಕಲ್ಲಿಗೆ ಸುಂಕವಿಲ್ಲ!). ಸಮಯ ಉಳಿದರೆ ಮಲ್ಪೆಯಿಂದ ಪಡುಕೆರೆ–ಮಟ್ಟು–ಕಾಪು. ಕಾಪುವಿನ ದೀಪಸ್ತಂಭ 1901ರದ್ದು. ಪಡುಕೆರೆಯಲ್ಲಿ ರಸ್ತೆಗೆ ಮರಳು ಬಂದು ಕೂತಿರುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ, ತಿರುಗಿಸಬೇಡಿ, ಸುಮ್ಮನೆ ಉರುಳಲು ಬಿಡಿ.

ತಿರುವು 14

ಮೂರನೇ ದಿನದ್ದು ನಾನು ಹೇಳುತ್ತೇನೆ. ಉಡುಪಿ–ಮಣಿಪಾಲ–ಪೆರ್ಡೂರು–ಹೆಬ್ರಿ–ಸೋಮೇಶ್ವರ–ಆಗುಂಬೆ, ಒಂದು ಕಡೆಗೆ ಸುಮಾರು 55 ಕಿ.ಮೀ. ಸೋಮೇಶ್ವರದವರೆಗಿನ 45 ಕಿ.ಮೀ. ಏರಿಳಿತ ಅಷ್ಟೇ. ನಿಜವಾದ ಘಾಟಿ ಕೊನೆಯ ಒಂಬತ್ತು-ಹತ್ತು ಕಿ.ಮೀ., ಅದರಲ್ಲಿ ಸುಮಾರು 550 ಮೀಟರ್ ಏರುತ್ತೀರಿ, ಅಂದರೆ ಸರಾಸರಿ ಶೇ. 6ರ ಹತ್ತಿರ. ಸರಾಸರಿ ನೋಡಿ ಮೋಸ ಹೋಗಬೇಡಿ. ಬುಡದಲ್ಲಿ ಸಲೀಸು, 14 ಹೇರ್‌ಪಿನ್ ತಿರುವುಗಳ ಭಾಗದಲ್ಲಿ ಅದರ ಬಡ್ಡಿ ವಸೂಲಿ.

34x28ರಲ್ಲಿ (ಮುಂದೆ 34, ಹಿಂದೆ 28 ಹಲ್ಲು) ಒಂದು ಸುತ್ತು ತುಳಿದರೆ ಸೈಕಲ್ 2.6 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ಹಿಡಿದರೆ 9.3 ಕಿ.ಮೀ. ವೇಗ. ನೀವೂ ಸೈಕಲ್ಲೂ ಸೇರಿ 85 ಕಿಲೋ ಅಂತಿಟ್ಟುಕೊಂಡರೆ ಶೇ. 6ರಲ್ಲಿ ಅದಕ್ಕೆ ಸುಮಾರು 150 ವಾಟ್ ಸಾಕು, ಶೇ. 10ರ ತುಂಡಿನಲ್ಲಿ 230 ವಾಟ್ ಬೇಕು. ಅದು ಇಲ್ಲದಿದ್ದರೆ ಸುತ್ತು ನಲವತ್ತೈದಕ್ಕೆ ಇಳಿದು ಮೊಣಕಾಲಿಗೆ ಬೀಳುತ್ತದೆ. ಹತ್ತಬಹುದು, ಆದರೆ ಸುಖವಿಲ್ಲ ಮಾರಾಯ್ರೇ. 11-34 ಹಾಕಿದರೆ ಅದೇ 60 ಸುತ್ತಿಗೆ 7.7 ಕಿ.ಮೀ., ಅದೇ ಶೇ. 10ಕ್ಕೆ 190 ವಾಟ್. ಹಾಕುವ ಮೊದಲು ಹಿಂದಿನ ಡಿರೈಲರ್ (ಚೈನನ್ನು ಹಲ್ಲಿಂದ ಹಲ್ಲಿಗೆ ಸರಿಸುವ ಭಾಗ) ನೋಡಿ: ಶಿಮಾನೋ 105 ಆರ್7000ರಲ್ಲಿ ಎಸ್‌ಎಸ್ (ಗಿಡ್ಡ ಮಾದರಿ) ಆದರೆ 30 ಹಲ್ಲಿನವರೆಗೆ ಮಾತ್ರ, ಜಿಎಸ್ (ಉದ್ದ ಮಾದರಿ) ಆದರೆ 34. ಹಳೇ ಚೈನ್ ಉದ್ದ ಸಾಲದೆ ಹೋಗಬಹುದು, 50x34ರಲ್ಲಿ ಬಿಗಿದು ಹ್ಯಾಂಗರ್ (ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಮುರಿಯುವ ಮೊದಲು ಸ್ಟ್ಯಾಂಡಿನಲ್ಲೇ ನೋಡಿಕೊಳ್ಳಿ.

ಹತ್ತುವಾಗ ಎಡ ತಿರುವುಗಳು ಕಷ್ಟ. ನಾವು ಎಡಕ್ಕೆ ಓಡಿಸುವುದರಿಂದ ಎಡ ತಿರುವಿನಲ್ಲಿ ನೀವು ಒಳ ಅಂಚಿನಲ್ಲಿರುತ್ತೀರಿ, ಅಲ್ಲೇ ಕಡಿದು. ತಿರುವಿಗೆ ಹತ್ತು ಮೀಟರ್ ಮೊದಲೇ ಗೇರ್ ಇಳಿಸಿ. ಒಳಗೆ ಹೊಕ್ಕ ಮೇಲೆ ಭಾರ ಹಾಕಿ ಬದಲಿಸಿದರೆ ಚೈನ್ ಕಟಕಟ ಅಂದು ನಿಂತುಬಿಡುತ್ತದೆ. ಬಲ ತಿರುವಿನಲ್ಲಿ ಹೊರ ಅಂಚು ಸಿಗುತ್ತದೆ, ಅಲ್ಲಿ ಉಸಿರು ತಗೊಳ್ಳಿ. ಭಾರೀ ವಾಹನಗಳಿಗೆ ಘಾಟಿಯಲ್ಲಿ ನಿಷೇಧವಿದ್ದರೂ ಬಸ್ಸುಗಳಿವೆ. ಇಳಿಯುವ ಬಸ್ಸು ತಿರುವಿನಲ್ಲಿ ನಿಮ್ಮ ಪಾಲಿನ ರಸ್ತೆಯನ್ನೂ ತೆಗೆದುಕೊಳ್ಳುತ್ತದೆ. ಹಾರ್ನ್ ಕೇಳಿದರೆ ತಿರುವಿನ ಕೆಳಗೇ ನಿಂತುಬಿಡಿ, ಅದರಲ್ಲೇನೂ ಅವಮಾನವಿಲ್ಲ.

ತಡೆಗೋಡೆಯ ಮೇಲೆ ಮಂಗಗಳ ಸಾಲು ಕೂತಿರುತ್ತದೆ. ಬಾಳೆಹಣ್ಣು ಜೆರ್ಸಿಯ ಹಿಂದಿನ ಜೇಬಿನಲ್ಲಿ ಕಾಣುವಂತೆ ಇಡಬೇಡಿ, ನಿಧಾನಕ್ಕೆ ಹತ್ತುವವನೇ ಅವುಗಳಿಗೆ ಸುಲಭದ ತುತ್ತು.

ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡಿ, ಬಿಸಿಯಾಗಿ ಲಿವರ್ ಒಳಕ್ಕೆ ಹೋಗುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಕಳೆದುಕೊಳ್ಳಿ, ಬಿಡಿ, ತಿರುಗಿ. ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಾಗ ಅದು. ನವೆಂಬರ್‌ನಲ್ಲೂ ನೆರಳಿನ ಅಂಚುಗಳಲ್ಲಿ ಪಾಚಿ ಒಣಗಿರುವುದಿಲ್ಲ, ಅದರ ಮೇಲೆ ತರಗೆಲೆ ಬೇರೆ.

ಬೆಳಿಗ್ಗೆ ಐದೂವರೆಗೆ ಲೈಟ್ ಹಾಕಿಕೊಂಡು ಹೊರಡಿ, ಹೆಬ್ರಿಯಲ್ಲಿ ಬನ್ಸ್ ತಿಂದು ಎಂಟರೊಳಗೆ ಸೋಮೇಶ್ವರ. ಸೂರ್ಯಾಸ್ತ ನೋಡುವ ಆಸೆ ಬಿಡಿ. ನೋಡಿಕೊಂಡು ಕತ್ತಲಲ್ಲಿ ಕಾರುಗಳ ಸಾಲಿನ ನಡುವೆ ಇಳಿಯುವುದು ಹುಚ್ಚು.

ಗ್ರೀಸ್ ಕೈ

ಆಗುಂಬೆಯಲ್ಲಿ ಸೈಕಲ್ ಕೈಕೊಡುವುದಕ್ಕೆ ಕಾರಣ ಬಹಳ ಸಲ ಬಸ್ಸಿನ ಡಿಕ್ಕಿಯಲ್ಲೇ ಹುಟ್ಟಿರುತ್ತದೆ. ಚೈನ್ ಇರುವ ಬದಿ ಮೇಲಾಗುವಂತೆ ಮಲಗಿಸಿ, ಹಿಂದೆ ಅತಿ ದೊಡ್ಡ ಹಲ್ಲಿಗೆ ಹಾಕಿಡಿ, ಆಗ ಡಿರೈಲರ್ ಒಳಕ್ಕೆ ಸರಿದಿರುತ್ತದೆ. ಮುಂದಿನ ಗಾಲಿ ಬಿಚ್ಚಿದರೆ ಡಿಸ್ಕ್ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಗಿಸಿ. ಇಲ್ಲದಿದ್ದರೆ ಯಾರೋ ಲಿವರ್ ಒತ್ತಿ ಪ್ಯಾಡ್ ಅಂಟಿಕೊಂಡು ಗಾಲಿಯೇ ಹೊಕ್ಕುವುದಿಲ್ಲ.

ಇಳಿದ ಕೂಡಲೇ ಹಿಂದಿನ ಗಾಲಿ ಎತ್ತಿ ಅತಿ ದೊಡ್ಡ ಹಲ್ಲಿಗೆ ಹಾಕಿ, ಕೈಯಿಂದ ಪೆಡಲ್ ತಿರುಗಿಸಿ, ಹಿಂದಿನಿಂದ ನೋಡಿ. ಡಿರೈಲರ್‌ನ ಕೇಜ್ (ಚೈನ್ ಹಾದುಹೋಗುವ ಕೆಳಗಿನ ಚೌಕಟ್ಟು) ಗಾಲಿಯ ಕಡ್ಡಿಗಳ ಕಡೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಸಮತಟ್ಟಿನಲ್ಲಿ ಗೊತ್ತೇ ಆಗುವುದಿಲ್ಲ, ಘಾಟಿಯಲ್ಲಿ ಕೊನೆಯ ಗೇರ್ ಹಾಕಿದಾಗ ಕೇಜ್ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಫ್ರೇಮಿನದೇ ಹ್ಯಾಂಗರ್ ಒಂದು ಬ್ಯಾಗಿನಲ್ಲಿರಲಿ. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ, ಕರಾವಳಿಯಲ್ಲಿ ಹುಡುಕಿದರೆ ಸಿಗುವ ವಸ್ತುವೂ ಅಲ್ಲ.

ಟಯರಿನ ಗಾಳಿ: 75 ಕಿಲೋ ಸವಾರನಿಗೆ 28 ಎಂಎಂನಲ್ಲಿ ಹಿಂದೆ 72, ಮುಂದೆ 65 ಪಿಎಸ್‌ಐ. ನೂರು ತುಂಬಿದರೆ ಪಾಚಿಯ ಮೇಲೆ ಜಾರುತ್ತೀರಿ.

ಎರಡನೇ ದಿನ ಸಂಜೆ ಸಿಹಿನೀರಿನಲ್ಲಿ ಸೈಕಲ್ ತೊಳೆಯದೆ ಮಲಗಬೇಡಿ. ಉಪ್ಪು ಕೂತ ಚೈನ್ ಬೆಳಗಾಗುವಾಗ ಕೆಂಪಾಗಿರುತ್ತದೆ. ಬಕೆಟ್, ಮಗ್ ಸಾಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪು ಬೇಡ, ಹಬ್ ಬೇರಿಂಗಿನ ಗ್ರೀಸ್ ಹೊರಟುಹೋಗುತ್ತದೆ. ಚೈನ್ ಒರಸಿ, ಕೊಂಡಿಗೊಂದು ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಮತ್ತೆ ಒರಸಿ. ಹೊರಗೆ ಎಣ್ಣೆ ಉಳಿದರೆ ಮರಳು ಹಿಡಿದು ಅರೆಯುವ ಕಲ್ಲಾಗುತ್ತದೆ.

ಹ್ಯಾಂಡಲ್‌ಬಾರ್

ಎಲ್ಲರಿಗೂ ಥ್ಯಾಂಕ್ಸ್. ಡಿರೈಲರ್ ಜಿಎಸ್ ಅಂತಲೇ ಬರೆದಿದೆ, 11-34 ಹಾಕಿಸ್ತೇನೆ. ಇನ್ನೆರಡು ಪ್ರಶ್ನೆ: ಆಗುಂಬೆಯಿಂದ ಅದೇ ದಾರಿ ಇಳಿಯುವ ಬದಲು ಶೃಂಗೇರಿ–ಕೆರೆಕಟ್ಟೆ–ಕಾರ್ಕಳ ಸುತ್ತು ಮಾಡಬಹುದಾ? ಸೆಕೆಗೆ ನೀರು ಎಷ್ಟು?

ತಿರುವು 14

ಅದು ಒಟ್ಟು 180 ಕಿ.ಮೀ. ಆಸುಪಾಸು, ರಾತ್ರಿ ಬಸ್ಸಿರುವ ದಿನಕ್ಕಲ್ಲ. ಕೆರೆಕಟ್ಟೆಯ ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು, ಪಂಕ್ಚರ್ ಆದರೆ ಅಂಗಡಿ ಇಲ್ಲ. ಅದಕ್ಕೆ ಇನ್ನೊಮ್ಮೆ ಬನ್ನಿ, ಶೃಂಗೇರಿಯಲ್ಲಿ ಒಂದು ರಾತ್ರಿ ಉಳಿಯಿರಿ.

ಕೋಡಿ ಗಾಳಿ

ಇಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ಬಿಸಿಲೇರಿದ ಮೇಲೆ ಗಂಟೆಗೆ ಮುಕ್ಕಾಲು ಲೀಟರ್ ಲೆಕ್ಕ ಹಿಡಿಯಿರಿ, ಬರೀ ನೀರಲ್ಲ. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಅದನ್ನೇ 600 ಎಂಎಲ್ ಬಾಟಲಿಗೆ ಸುರಿದರೆ ಹೊಟ್ಟೆ ತೊಳಸುತ್ತದೆ. ದಾರಿಯಲ್ಲಿ ಬೊಂಡ (ಎಳನೀರು) ಸಿಗುತ್ತದೆ, ಆದರೆ ಅದರಲ್ಲಿ ಉಪ್ಪಿನಂಶ ಕಡಿಮೆ, ಜೊತೆಗೆ ಒಂದು ಚಿಟಿಕೆ ಉಪ್ಪು ಬಾಯಿಗೆ ಹಾಕಿಕೊಳ್ಳಿ. ಕೊಲ್ಲೂರಿನಲ್ಲಿ ಎರಡೂ ಬಾಟಲಿ ತುಂಬಿಸಿಯೇ ಹೊರಡಿ.