ಮೀನು ಒಬ್ಬರದ್ದು, ಹಕ್ಕಿ ಇನ್ನೊಬ್ಬರದ್ದು

ಗೌಡ್ರು: ಕೆರೆನ ಪಕ್ಷಿ ಸಂರಕ್ಷಣಾ ಮೀಸಲು ಮಾಡ್ತಾರಂತೆ. ಇನ್ಮೇಲೆ ಏರಿ ಮೇಲೆ ಕೂತು ಕಡ್ಲೆಕಾಯಿ ತಿನ್ನೋಕೂ ಅರ್ಜಿ ಹಾಕ್ಬೇಕಾ?

ವಕೀಲ್ರು: ತಿನ್ನಿ ಗೌಡ್ರೇ, ಸಿಪ್ಪೆಗೆ ಬೆಂಕಿ ಮಾತ್ರ ಇಡಬೇಡಿ. 1972ರ ವನ್ಯಜೀವಿ ಕಾಯ್ದೆಯ 30ನೇ ಕಲಂ ಅಲ್ಲಿಗೂ ಅನ್ವಯ ಆಗುತ್ತೆ. ಇಂಥ ಮೀಸಲು ಬಂದಿದ್ದು 2002ರ ತಿದ್ದುಪಡಿಯಲ್ಲಿ. ಸರ್ಕಾರಿ ಜಾಗ ಆದ್ರೆ 36-ಎ, ಸಂರಕ್ಷಣಾ ಮೀಸಲು. ವಿಜಯನಗರ ಜಿಲ್ಲೆಯ ಅಂಕಸಮುದ್ರ ಈ ಬಗೆಯದ್ದು. ಊರಿನೋರೋ ಜಮೀನಿನ ಒಡೆಯರೋ ತಾವಾಗೇ ಮುಂದೆ ಬಂದ್ರೆ 36-ಸಿ, ಸಮುದಾಯ ಮೀಸಲು. ಕೊಕ್ಕರೆ ಬೆಳ್ಳೂರು 2007ರಲ್ಲಿ ಆಗಿದ್ದು ಹಾಗೆ.

ಅಕ್ಕ: ಸಮಿತಿ ಇರುತ್ತೆ ತಾನೆ? ಸಮಿತಿ ಇಲ್ದಿದ್ರೆ ನಮ್ಮೋರಿಗೆ ನಿದ್ದೆ ಹತ್ತಲ್ಲ.

ವಕೀಲ್ರು: ಎರಡಕ್ಕೂ ಇದೆ. ಸಮುದಾಯ ಮೀಸಲಿನ ಸಮಿತಿ ನಿರ್ವಹಣಾ ಯೋಜನೆ ಬರೆದು ತಾನೇ ಜಾರಿ ಮಾಡುತ್ತೆ. ಅದರ ಅಧ್ಯಕ್ಷರು ಗೌರವ ವನ್ಯಜೀವಿ ಪರಿಪಾಲಕರೂ ಆಗ್ತಾರೆ.

ಗೌಡ್ರು: ಸಂಬಳ?

ವಕೀಲ್ರು: ಅದೃಷ್ಟ ಇದ್ರೆ ಒಂದು ಶಾಲು. ನಮ್ಮದು ಸರ್ಕಾರಿ ಕೆರೆ, ಇಲ್ಲಿನ ಸಮಿತಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲಹೆ ಕೊಡಬಹುದು, ಅಷ್ಟೆ. ಪಂಚಾಯ್ತಿಗೊಬ್ಬರು, ಸಂಘ-ಸಂಸ್ಥೆಯೋರು ಮೂವರು, ಕೃಷಿ ಮತ್ತು ಪಶುಸಂಗೋಪನೆಯಿಂದ ಒಬ್ಬೊಬ್ಬರು, ಕಾರ್ಯದರ್ಶಿ ಅರಣ್ಯ ಇಲಾಖೆಯೋರು.

ಮೇಷ್ಟ್ರು: ಮೀನುಗಾರಿಕೆಯೋರು ಆ ಪಟ್ಟಿಯಲ್ಲೇ ಇಲ್ಲ ನೋಡಿ! ಜಗಳ ಇರೋದೇ ಮೀನು ಪಾಶುವಾರು, ಅಂದ್ರೆ ಕೆರೆ ಮೀನು ಹಿಡಿಯೋ ಹಕ್ಕಿನ ಗುತ್ತಿಗೇಲಿ. ನೆಲ ಸಣ್ಣ ನೀರಾವರಿಯದ್ದು, ಮೀನು ಮೀನುಗಾರಿಕೆಯದ್ದು, ಹಕ್ಕಿ ಅರಣ್ಯದ್ದು.

ಅಕ್ಕ: ಹೂಳು?

ಮೇಷ್ಟ್ರು: ಅನಾಥ.

ಗೌಡ್ರು: ಮೀನು ಹಿಡಿದ್ರೆ ಹಕ್ಕಿಗೇನು ಕಷ್ಟ? ಇಬ್ಬರಿಗೂ ಸಾಕಾಗೋಷ್ಟಿದೆ.

ಮೇಷ್ಟ್ರು: ಕಷ್ಟ ಮೀನಿಂದಲ್ಲ, ತಿಂಗಳಿಂದ. ಕೆರೆಗೆ ಮೀನುಮರಿ ಬಿಡೋದು ಮಳೆಗಾಲದಲ್ಲಿ, ಕಟ್ಲಾ ರೋಹು ತೂಕಕ್ಕೆ ಬರೋದು ಬೇಸಿಗೇಲಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ನಮ್ಮ ಕಡೆ ಗೂಡಲ್ಲಿ ಮರಿ ಸಾಕೋದೂ ಮೇವರೆಗೆ. ಗುತ್ತಿಗೆ ಐದು ವರ್ಷ, ಲೆಕ್ಕ ಮುಗಿಯೋದು ಜೂನ್ 30ಕ್ಕೆ. ಕೊನೇ ವರ್ಷ ಗುತ್ತಿಗೆದಾರ ಒಂದು ಮೀನನ್ನೂ ಬಿಡಲ್ಲ. ತೂಬು ಎತ್ತಿ ನೀರು ಇಳಿಸ್ತಾನೆ. ನೀರಲ್ಲಿ ನಿಂತಿದ್ದ ಕರಿಜಾಲಿ ಮರದ ಬುಡ ಒಣಗುತ್ತೆ, ನಾಯಿಗಳು ನಡ್ಕೊಂಡೇ ಹೋಗ್ತವೆ, ಕೆಳಗೆ ಬಿದ್ದ ಮರಿ ಒಂದೂ ಉಳಿಯಲ್ಲ.

ವಕೀಲ್ರು: ಹಕ್ಕಿ ಓಡಿಸೋಕೆ ಪಟಾಕಿ ಬೇರೆ ಹೊಡೀತಾರೆ. ಮೀಸಲಾದ ಮೇಲೆ ಅದಕ್ಕೆ 32ನೇ ಕಲಂ ಅಡ್ಡ ಬರುತ್ತೆ.

ಅಕ್ಕ: ಹಾಗಾದ್ರೆ ಗುತ್ತಿಗೇನೇ ನಿಲ್ಲಿಸಿಬಿಡಿ.

ಮೇಷ್ಟ್ರು: ನಿಲ್ಲಿಸಿದ್ರೆ ರಾತ್ರಿ ಕದ್ದು ಬಲೆ ಬೀಳುತ್ತೆ, ಆಗ ಕೇಳೋರೂ ಇರಲ್ಲ. ಗುತ್ತಿಗೆ ಇರಲಿ, ಷರತ್ತು ಬಿಗಿಯಾಗಲಿ. ತೂಬಿನ ಕಂಬಕ್ಕೆ ಕೆಂಪು ಗೆರೆ ಬಳೀರಿ, ಗೂಡು ಖಾಲಿ ಆಗೋವರೆಗೆ ಮೀನಿಗೋಸ್ಕರ ನೀರು ಆ ಗೆರೆಯಿಂದ ಕೆಳಗಿಳೀಬಾರದು. ಗೂಡಿನ ಮರದ ನೂರು ಮೀಟರ್ ಒಳಗೆ ತೆಪ್ಪ ಬೇಡ. ರಾತ್ರಿಯಿಡೀ ನೈಲಾನ್ ಬಲೆ ಬಿಡೋದು ಬೇಡವೇ ಬೇಡ, ಮುಳುಗಿ ಮೀನು ಹಿಡಿಯೋ ನೀರುಕಾಗೆ, ಹಾವಕ್ಕಿ ಸಿಕ್ಕಿಕೊಂಡ್ರೆ ಉಸಿರಿಗೆ ಮೇಲೆ ಬರೋಕಾಗಲ್ಲ. ಕಾಮನ್ ಕಾರ್ಪ್ ಬಿಡಬೇಡಿ. ತಳ ಕೆದಕಿ ನೀರೆಲ್ಲ ರಾಡಿ ಮಾಡಿ, ನೀರೊಳಗಿನ ಗಿಡ ಕಿತ್ತುಹಾಕುತ್ತೆ. ಬಿಡೋ ಮರಿ ಹತ್ತು ಸೆಂಟಿಮೀಟರ್ ಮೇಲಿದ್ರೆ ನೀರುಕಾಗೆಗೆ ಹೋಗೋದೂ ಕಮ್ಮಿ, ಗುತ್ತಿಗೆದಾರನ ಗೊಣಗಾಟವೂ ಕಮ್ಮಿ.

ಗೌಡ್ರು: ಹಿಡಿಯೋ ದಿನ ಕಮ್ಮಿ ಮಾಡಿ ಬಾಡಿಗೆ ಪೂರ್ತಿ ಕೇಳಿದ್ರೆ ಅವನು ಷರತ್ತು ಯಾಕೆ ಪಾಲಿಸ್ತಾನೆ?

ಮೇಷ್ಟ್ರು: ನ್ಯಾಯದ ಮಾತು. ಹರಾಜಿನ ಮೂಲಬೆಲೆ ಇಳಿಸ್ಲೇಬೇಕು. ಷರತ್ತೂ ಹರಾಜಿಗೆ ಮುಂಚೆ ಓದಿ ಹೇಳ್ಬೇಕು. ಕೂಗಿ ಆದ್ಮೇಲೆ ಸೇರಿಸಿದ್ರೆ ನೇರ ಕೋರ್ಟಿಗೆ ಹೋಗ್ತಾನೆ.

ವಕೀಲ್ರು: ನಾನೇನು ಬೇಡ ಅನ್ನಲ್ಲ.

ಅಕ್ಕ: ಅನಾಥ ಹೂಳನ್ನ ಮರೆತ್ರಲ್ಲ.

ಮೇಷ್ಟ್ರು: ಜೆಸಿಬಿ ಬಿಟ್ಟು ಕೆರೇನ ಬಟ್ಟಲ ಥರ ಕೆತ್ತಿದ್ರೆ ದಡದ ತೆಳು ನೀರು ಹೋಯ್ತು. ಗೊರವ, ಉಲ್ಲಂಕಿ ಹಕ್ಕಿಗಳಿಗೆ ಅಲ್ಲೇ ಊಟ, ಆಳದಲ್ಲಿ ಅವಕ್ಕೆ ಕೆಲಸ ಇಲ್ಲ. ಏರಿ ಕಡೆ ತೆಗೀರಿ, ನೀರು ಒಳಗೆ ಬರೋ ದಿಕ್ಕಿನ ಇಳಿಜಾರು ಮುಟ್ಟಬೇಡಿ.

ಗೌಡ್ರು: ಪಂಚಾಯ್ತೀಲಿ ಪೆಡಲ್ ಬೋಟ್ ಗುತ್ತಿಗೆ ಬಗ್ಗೆಯೂ ಮಾತಿದೆ. ಬಾತುಕೋಳಿ ಆಕಾರದ್ದು.

ಅಕ್ಕ: ಸರಿ ಬಿಡಿ, ಹಕ್ಕಿ ಎಣಿಸೋರಿಗೆ ಸುಲಭ ಆಯ್ತು.