ಅಪ್‌ಡೇಟ್: ಮೂರು ವಾರಕ್ಕೇ ಬ್ಯಾಟರಿ ಖಾಲಿ ಆಗ್ತಿದ್ದ ಸೆನ್ಸರ್

ತಾರಸಿ ತೋಟದ ಮಣ್ಣಿನ ತೇವ ನೋಡುವ ಸೆನ್ಸರ್ ದಿನವೆಲ್ಲ ನಿದ್ದೆ ಮಾಡುತ್ತಿದ್ದರೂ, ಸರಣಿಯಲ್ಲಿ (ಒಂದರ ಹಿಂದೆ ಒಂದು) ಜೋಡಿಸಿದ 2600 ಎಂಎಎಚ್‌ನ (ಮಿಲಿಆಂಪ್-ಗಂಟೆ) ಎರಡು ಸೆಲ್ ಯಾಕೆ ಖಾಲಿ ಆಗುತ್ತವೆ ಅಂತ ಇಲ್ಲಿ ಕೇಳಿದ್ದೆ. ಬ್ಯಾಟರಿಯ ವೋಲ್ಟೇಜನ್ನು ಬೋರ್ಡ್‌ಗೆ ಬೇಕಾದಷ್ಟಕ್ಕೆ ಇಳಿಸುವ ರೆಗ್ಯುಲೇಟರ್ ನೋಡಿ ಅಂತ ನೀವೆಲ್ಲ ಅಂದಿರಿ. ಕಳ್ಳ ಅದೇ!

ನನ್ನ ರೆಗ್ಯುಲೇಟರ್ ಎಲ್‌ಎಂ2596 ಮಾಡ್ಯೂಲ್. ಅದು ಸುಮ್ನೆ ಕೂತಿರೋಕೇ ಸುಮಾರು 5 ಮಿಲಿಆಂಪ್ ಬೇಕು. ಸರಣಿಯಲ್ಲಿ ಕೂಡುವುದು ವೋಲ್ಟೇಜ್ ಮಾತ್ರ, ಎಂಎಎಚ್ ಅಲ್ಲ; ಹಾಗಾಗಿ 2600ನ್ನು 5ರಿಂದ ಭಾಗಿಸಿದರೆ 520 ಗಂಟೆ, ಅಂದರೆ ಮೂರು ವಾರ. ಲೆಕ್ಕ ಸರಿಹೋಯಿತು ಅಲ್ವಾ? ಮಾಡ್ಯೂಲ್ ಮೇಲಿನ ಕೆಂಪು ಎಲ್‌ಇಡಿ ತಿಂದಿದ್ದು ಬೇರೆ.

ಈಗ ಅದರ ಬದಲು ಟಿಪಿಎಸ್62740 ಎಂಬ ರೆಗ್ಯುಲೇಟರ್ ಹಾಕಿದ್ದೇನೆ. ಇದರ ಸ್ವಂತ ಖರ್ಚು 360 ನ್ಯಾನೋಆಂಪ್ ಅಷ್ಟೇ (ಒಂದು ಮಿಲಿಆಂಪ್ ಅಂದರೆ ಹತ್ತು ಲಕ್ಷ ನ್ಯಾನೋಆಂಪ್). ಬೋರ್ಡ್ ಎಳೆಯುವ ಕರೆಂಟ್ ಕಡಿಮೆ ಇದ್ದಾಗ ಇದು ಸತತವಾಗಿ ಸ್ವಿಚ್ ಮಾಡುವುದಿಲ್ಲ. ಔಟ್‌ಪುಟ್ ಕೆಪಾಸಿಟರ್‌ನ ವೋಲ್ಟೇಜ್ ಸ್ವಲ್ಪ ಇಳಿದಾಗ ಎದ್ದು, ಇಂಡಕ್ಟರ್ ಮೂಲಕ ಒಂದು ಗುಟುಕು ಚಾರ್ಜ್ ತುಂಬಿಸಿ, ಮತ್ತೆ ಮಲಗುತ್ತದೆ. ಇನ್‌ಪುಟ್ 5.5 ವೋಲ್ಟ್ ದಾಟುವಂತಿಲ್ಲ. ಸರಣಿಯಲ್ಲಿದ್ದ ಎರಡು ಸೆಲ್‌ನ ವೋಲ್ಟೇಜ್ ಕೂಡಿ ಅದನ್ನು ಮೀರುತ್ತದೆ, ಅದಕ್ಕೇ ಒಂದೇ ಸೆಲ್‌ಗೆ ಬಂದೆ.

ಅಳೆಯುವಾಗ ಒಂದು ಪೇಚಾಟ. ಮಲ್ಟಿಮೀಟರನ್ನು ಮೈಕ್ರೋಆಂಪ್‌ಗೆ ಇಟ್ಟರೆ, ಮಾಹಿತಿ ಕಳಿಸುವ ರೇಡಿಯೋ ಎದ್ದ ಕೂಡಲೇ ಬೋರ್ಡ್ ರೀಸೆಟ್! ಮೀಟರ್ ಒಳಗಿನ ರೆಸಿಸ್ಟರ್‌ನಲ್ಲೇ ವೋಲ್ಟೇಜ್ ಬಿದ್ದುಹೋಗುತ್ತಿತ್ತು. ಕರೆಂಟ್ ಮೀಟರ್ ಬಿಟ್ಟು ಹೋಗುವಂತೆ ಅದರ ಎರಡೂ ತುದಿಗೆ ಒಂದು ತಂತಿ ಇಟ್ಟು, ಬೋರ್ಡ್ ಮಲಗಿದ ಮೇಲೆ ತೆಗೆದೆ. 4 ಮೈಕ್ರೋಆಂಪ್ ತೋರಿಸಿತು.

ಎರಡು ತಿಂಗಳಾಯಿತು, ಸೆಲ್ ಇನ್ನೂ 4.1 ವೋಲ್ಟ್‌ನಲ್ಲಿದೆ. ಎಲ್ಲರಿಗೂ ಥ್ಯಾಂಕ್ಸ್.