‘ಮಿಸ್, ಯೆರಿಕೋವಿನ ಚಿಕ್ಕ ಮಕ್ಕಳು ಏನು ಮಾಡಿದ್ದರು?’ ಇದಕ್ಕೆ ನೀವು ಏನು ಹೇಳಿದ್ದೀರಿ?

ಕೇಳಿದವರು: ಸಂಡೇ ಸ್ಕೂಲ್ ಟೀಚರ್, ಬೆಂಗಳೂರು

ನಮ್ಮ ಸಭೆಯಲ್ಲಿ ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ತಿಂಗಳು ಬೈಬಲಿನ ಯೆಹೋಶುವನ ಗ್ರಂಥ. ಯೆಹೋಶುವನ ಹಿಂದೆ ಇಸ್ರಾಯೇಲ್ಯರು ಕಾನಾನ್ ದೇಶದ ಯೆರಿಕೋ ಪಟ್ಟಣವನ್ನು ಸುತ್ತಿ ಕೂಗಿದಾಗ ಅದರ ಗೋಡೆ ಬಿದ್ದ ಕಥೆ. ರಟ್ಟಿನ ಡಬ್ಬಿ ಜೋಡಿಸಿ ಗೋಡೆ ಕಟ್ಟಿದೆವು. ಮಕ್ಕಳು ಸುತ್ತು ಹಾಕಿ ಜೋರಾಗಿ ಕೂಗಿದರು, ಗೋಡೆ ಬಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬಳು ಹುಡುಗಿ ಆರನೇ ಅಧ್ಯಾಯದ 21ನೇ ವಚನವನ್ನು ತಾನೇ ಓದಿದಳು. ಗಂಡಸರು, ಹೆಂಗಸರು, ಚಿಕ್ಕವರು, ಮುದುಕರು, ಎತ್ತು, ಕುರಿ, ಕತ್ತೆ ಎಲ್ಲವನ್ನೂ ಕತ್ತಿಯಿಂದ ಕೊಂದರು ಅಂತ ಅಲ್ಲಿದೆ. ಓದಿ ಮುಗಿಸಿ ಮೇಲಿನ ಪ್ರಶ್ನೆ ಕೇಳಿದಳು. ಮುಂದಿನ ಭಾನುವಾರವೂ ಕೇಳುತ್ತಾಳೆ, ಬಿಡುವವಳಲ್ಲ.

‘ದೇವರ ದಾರಿ ನಮಗೆ ಅರ್ಥ ಆಗಲ್ಲ’ ಅನ್ನುವ ಉತ್ತರ ಬೇಡ. ಅದು ನನಗೂ ಗೊತ್ತು. ಹಳೆ ಒಡಂಬಡಿಕೆಯ ಇಂಥ ಅಧ್ಯಾಯಗಳನ್ನು ನೀವು ಹೇಗೆ ದಾಟಿದಿರಿ? ದಾಟದೇ ಇದ್ದರೆ ಅದನ್ನೂ ಹೇಳಿ.

ನಿವೃತ್ತ ಸಭಾಪಾಲಕ, ಮಂಗಳೂರು

ಮೊದಲು ಆ ಹುಡುಗಿಗೆ ಒಂದು ಶಹಬ್ಬಾಸ್ ಹೇಳಿ. ಆ ವಚನವನ್ನು ಪೂರ್ತಿ ಓದುವವರು ದೊಡ್ಡವರಲ್ಲೇ ಕಮ್ಮಿ.

ಸಭೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡು. ಕಾನಾನ್ಯರು ಮಹಾಪಾಪಿಗಳು, ಮಕ್ಕಳನ್ನು ಬಲಿ ಕೊಡುತ್ತಿದ್ದರು, ಅದಕ್ಕೇ ಶಿಕ್ಷೆ ಅನ್ನುವುದು ಒಂದು. ಜೀವ ಕೊಟ್ಟವನಿಗೆ ತೆಗೆಯುವ ಹಕ್ಕೂ ಇದೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಮಕ್ಕಳ ಮುಂದೆ ಹೇಳಿ ನೋಡಿ. ‘ಮಕ್ಕಳನ್ನು ಕೊಲ್ಲುವವರಿಗೆ ಶಿಕ್ಷೆ ಅಂತ ಮತ್ತೆ ಮಕ್ಕಳನ್ನೇ ಕೊಲ್ಲೋದಾ?’ ಅಂತ ತಿರುಗಿ ಕೇಳುತ್ತಾರೆ. ಎರಡನೆಯದಕ್ಕೆ ಸುಮ್ಮನಾಗುತ್ತಾರೆ. ಒಪ್ಪಿ ಅಲ್ಲ, ಹೆದರಿ.

ನನಗೆ ದಾರಿ ಸಿಕ್ಕಿದ್ದು ಇಸ್ರಾಯೇಲಿನ ಮೊದಲ ರಾಜ ಸೌಲನ ಕಥೆಯಲ್ಲಿ. 1 ಸಮುವೇಲ 15 ತೆಗೆಯಿರಿ. ಶತ್ರು ಜನಾಂಗವಾದ ಅಮಾಲೇಕ್ಯರನ್ನು ಪೂರ್ತಿ ನಾಶ ಮಾಡು, ಮೊಲೆಯುಣ್ಣುವ ಕೂಸನ್ನೂ ಬಿಡಬೇಡ ಅಂತ ಪ್ರವಾದಿ ಸಮುವೇಲನ ಮೂಲಕ ದೇವರ ಅಪ್ಪಣೆ. ಸೌಲ ಜನರನ್ನೆಲ್ಲ ಕೊಂದ. ಅವರ ರಾಜ ಅಗಾಗನನ್ನೂ ಒಳ್ಳೆಯ ದನಕುರಿಗಳನ್ನೂ ಮಾತ್ರ ಉಳಿಸಿಕೊಂಡ. ಅದಕ್ಕೇ ಸೌಲನ ರಾಜ್ಯ ಹೋಯಿತು. ಸಮುವೇಲನೇ ಅಗಾಗನನ್ನು ಕಡಿದು ಹಾಕಿದ. ಅಮಾಲೇಕ್ಯರ ಪರವಾಗಿ ಆ ಅಧ್ಯಾಯದಲ್ಲಿ ಯಾರೂ ಒಂದು ಮಾತು ಆಡುವುದಿಲ್ಲ.

ಆ ಮೌನವನ್ನು ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಸಹಿಸಲಿಲ್ಲ. ಅವರ ಚರ್ಚೆಗಳ ಹಳೆಯ ಸಂಗ್ರಹವಾದ ಬಾಬಿಲೋನಿನ ತಾಲ್ಮುದ್‌ನಲ್ಲಿ, ಯೋಮ ಅನ್ನುವ ಭಾಗದಲ್ಲಿ, ಸೌಲನ ಬಾಯಿಗೆ ಅವರೇ ಮಾತು ಕೊಟ್ಟಿದ್ದಾರೆ. ಮನುಷ್ಯರು ಪಾಪ ಮಾಡಿದರು ಸರಿ, ದನಗಳು ಏನು ಮಾಡಿದವು? ದೊಡ್ಡವರು ಪಾಪ ಮಾಡಿದರು ಸರಿ, ಮಕ್ಕಳು ಏನು ಮಾಡಿದರು? ನಿಮ್ಮ ಹುಡುಗಿ ಕೇಳಿದ್ದೂ ಇದೇ, ನೋಡಿ. ಆಗ ಆಕಾಶದಿಂದ ಒಂದು ಧ್ವನಿ ಬಂತಂತೆ: ಅತಿಯಾಗಿ ನೀತಿವಂತನಾಗಬೇಡ.

ಇಷ್ಟೇ ಆಗಿದ್ದರೆ, ಬಾಯಿ ಮುಚ್ಚಿಸುವ ಇನ್ನೊಂದು ಉತ್ತರ ಅಂತ ನಾನೂ ಪುಸ್ತಕ ಮುಚ್ಚಿಡುತ್ತಿದ್ದೆ. ಆದರೆ ತಾಲ್ಮುದ್ ಅಲ್ಲಿಗೆ ನಿಲ್ಲಿಸುವುದಿಲ್ಲ. ನೇರವಾಗಿ 1 ಸಮುವೇಲದ 22ನೇ ಅಧ್ಯಾಯಕ್ಕೆ ಜಿಗಿಯುತ್ತದೆ. ಅಲ್ಲಿ ಇದೇ ಸೌಲ, ತಾನು ಕೊಲ್ಲಲು ಹುಡುಕುತ್ತಿದ್ದ ದಾವೀದನಿಗೆ ರೊಟ್ಟಿ ಕೊಟ್ಟರು ಅಂತ ನೋಬ್ ಊರಿನ ಯಾಜಕರನ್ನು ಕೊಲ್ಲಿಸುತ್ತಾನೆ. 85 ಜನ ಯಾಜಕರು. ಆಮೇಲೆ ಊರಿಗೆ ಊರೇ: ಗಂಡಸರು, ಹೆಂಗಸರು, ಮಕ್ಕಳು, ಮೊಲೆಕೂಸುಗಳು, ಎತ್ತು, ಕತ್ತೆ, ಕುರಿ. ಎರಡೂ ಪಟ್ಟಿ ಅಕ್ಕಪಕ್ಕ ಇಟ್ಟು ಓದಿ. ಹೆಚ್ಚುಕಮ್ಮಿ ಅದೇ ಪಟ್ಟಿ, ಒಂಟೆ ಮಾತ್ರ ಇಲ್ಲ. ಮೊದಲನೆಯದು ದೇವರ ಅಪ್ಪಣೆ, ಎರಡನೆಯದು ಸೌಲನ ಘೋರ ಅಪರಾಧ. ಈ ಸಲ ಬಂದ ಧ್ವನಿ: ಅತಿಯಾಗಿ ದುಷ್ಟನಾಗಬೇಡ.

ಬೈಬಲನ್ನು ಬರೆದವರೋ ಜೋಡಿಸಿದವರೋ ಈ ಎರಡನ್ನೂ ಒಂದೇ ಗ್ರಂಥದಲ್ಲಿ, ಏಳು ಅಧ್ಯಾಯದ ಅಂತರದಲ್ಲಿ ಇಟ್ಟಿದ್ದಾರೆ. ಸುಮ್ನೆ ಇಟ್ಟಿರಲಿಕ್ಕಿಲ್ಲ ಅನ್ನುವುದು ನನ್ನ ಅನಿಸಿಕೆ. ಇನ್ನೊಂದು ಮಾತು. ಯಾಜಕರ ಮೇಲೆ ಕೈ ಎತ್ತಲು ಸೌಲನ ಸ್ವಂತ ಕಾವಲಿನವರೇ ಒಪ್ಪಲಿಲ್ಲ. ಎದೋಮ್ಯನಾದ ದೋಯೇಗ ಮುಂದೆ ಬರಬೇಕಾಯಿತು. ಆಗಲ್ಲ ಅಂದ ಆ ಕಾವಲಿನವರಿಗೆ ಹೆಸರೂ ಇಲ್ಲ. ಅವರ ಮೇಲೆ ಒಂದು ಪ್ರಸಂಗವನ್ನೂ ನಾನು ಕೇಳಿಲ್ಲ.

ಇಂಥ ಜಗಳ ಬೈಬಲಿನ ಒಳಗೆ ಬೇಕಾದಷ್ಟಿದೆ. ರಾಜ ಅಹಾಬನ ಮನೆತನವನ್ನು ಅಳಿಸಿ ತಾನೇ ರಾಜನಾದ ಯೇಹುವಿಗೆ 2 ಅರಸುಗಳು 10ರಲ್ಲಿ ದೇವರ ಮೆಚ್ಚುಗೆ ಸಿಗುತ್ತದೆ. ಪ್ರವಾದಿ ಹೋಶೇಯನ ಗ್ರಂಥದ ಮೊದಲನೇ ಅಧ್ಯಾಯದಲ್ಲಿ, ಆ ಹತ್ಯೆ ನಡೆದ ಇಜ್ರೇಲಿನ ರಕ್ತಕ್ಕೆ ಯೇಹುವಿನ ವಂಶವನ್ನು ದಂಡಿಸುತ್ತೇನೆ ಅಂತಾನೆ ದೇವರು. ತಂದೆಯ ಪಾಪ ಮಕ್ಕಳ ಮೇಲೆ ಅಂತ ವಿಮೋಚನಕಾಂಡ 20ರಲ್ಲಿದೆ, ಇಲ್ಲ ಅಂತ ಯೆಹೆಜ್ಕೇಲ 18ರಲ್ಲಿದೆ. ‘ಬೈಬಲ್ ಏನು ಹೇಳುತ್ತದೆ?’ ಅಂತ ಯಾರಾದರೂ ಕೇಳಿದರೆ, ಯಾವ ಪುಟ ಅಂತ ನಾನು ತಿರುಗಿ ಕೇಳುತ್ತೇನೆ.

ಇತಿಹಾಸ ಮೇಷ್ಟ್ರು, ಧಾರವಾಡ

ಯೆರಿಕೋದಲ್ಲಿ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ 1952ರಿಂದ 1958ರವರೆಗೆ ಅಗೆದರು. ಅದಕ್ಕೂ ಮೊದಲು ಯೆಹೋಶುವನ ಕಾಲದ್ದು ಅಂದುಕೊಂಡಿದ್ದ ಬಿದ್ದ ಗೋಡೆ, ಅವನ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು ಅಂತ ತೋರಿಸಿದರು. ಅವನ ಕಾಲ ಅನ್ನುವ ಕ್ರಿ.ಪೂ. 13ನೇ ಶತಮಾನದ ಹೊತ್ತಿಗೆ ಅಲ್ಲಿ ದೊಡ್ಡ ಕೋಟೆಯ ಊರೇ ಇರಲಿಲ್ಲ. ಯೆಹೋಶುವ ಮುಂದೆ ಗೆದ್ದ ಪಕ್ಕದ ಆಯಿ ಪಟ್ಟಣದ ಕಥೆಯೂ ಹೀಗೇ. ಆಯಿ ಅಂತ ಬಹಳ ಜನ ಗುರುತಿಸುವ ದಿಬ್ಬ ಆಗ ಎಷ್ಟೋ ಶತಮಾನಗಳಿಂದ ಹಾಳು ಬಿದ್ದಿತ್ತು.

ಬೈಬಲನ್ನೇ ನಿಧಾನವಾಗಿ ಓದಿದರೂ ಇದು ಕಾಣುತ್ತದೆ. ಯೆಹೋಶುವ 10ರಲ್ಲಿ ಉಸಿರಾಡುವ ಒಂದನ್ನೂ ಉಳಿಸಲಿಲ್ಲ. ಮುಂದೆ 15ನೇ ಅಧ್ಯಾಯದಲ್ಲಿ ಕಾನಾನಿನ ಜನಾಂಗಗಳಲ್ಲಿ ಒಂದಾದ ಯೆಬೂಸಿಯರು ಯೆರೂಸಲೇಮಿನಲ್ಲಿ ‘ಇಂದಿನವರೆಗೂ’ ಇದ್ದಾರೆ. ಸೌಲ ನಿರ್ನಾಮ ಮಾಡಿದ ಅಮಾಲೇಕ್ಯರು 1 ಸಮುವೇಲ 30ರಲ್ಲಿ ದಾವೀದನ ಊರನ್ನು ಸುಟ್ಟುಹಾಕುತ್ತಾರೆ. ಅವರಲ್ಲಿ 400 ಯುವಕರು ಒಂಟೆ ಹತ್ತಿ ತಪ್ಪಿಸಿಕೊಂಡರು ಅಂತ ಲೆಕ್ಕ ಬೇರೆ.

ಆ ಕಾಲದ ರಾಜರು ಗೆದ್ದರೆ ಹೀಗೇ ಕೊಚ್ಚಿಕೊಳ್ಳುತ್ತಿದ್ದರು. ಈಜಿಪ್ಟಿನ ಮೆರ್ನೆಪ್ತಾ ಕ್ರಿ.ಪೂ. 1208ರ ಸುಮಾರಿಗೆ ಇಸ್ರಾಯೇಲಿನ ಬೀಜವೇ ಉಳಿದಿಲ್ಲ ಅಂತ ಕಲ್ಲಲ್ಲಿ ಕೆತ್ತಿಸಿದ. ಆ ಜನರ ಹೆಸರು ನಮಗೆ ಮೊದಲು ಸಿಗುವುದೇ ಅವರು ಮುಗಿದರು ಅನ್ನುವ ಆ ಕಲ್ಲಲ್ಲಿ! ಇಸ್ರಾಯೇಲಿನ ಪಕ್ಕದ ಮೋವಾಬಿನ ರಾಜ ಮೇಷನ ಶಾಸನ 1868ರಲ್ಲಿ ಜೋರ್ಡಾನಿನ ಧೀಬಾನ್‌ನಲ್ಲಿ ಸಿಕ್ಕಿತು, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ನೆಬೋ ಊರನ್ನು ಹಿಡಿದು 7000 ಜನರನ್ನು ಕೊಂದು ತನ್ನ ದೇವರಿಗೆ ಅರ್ಪಿಸಿದೆ ಅಂತಾನೆ ಅವನು. ಸತ್ತವರು ಇಸ್ರಾಯೇಲ್ಯರು. ಕೊಂದದ್ದನ್ನು ದೇವರಿಗೆ ಹರಕೆಯಾಗಿ ಒಪ್ಪಿಸುವುದು ಯೆರಿಕೋದಲ್ಲಿ ಹೇಗೋ ಇಲ್ಲೂ ಹಾಗೇ.

ಇದರಿಂದ ನನ್ನ ಮನಸ್ಸಿಗೆ ಸ್ವಲ್ಪ ಸಮಾಧಾನ ಆಯಿತು. ಪೂರ್ತಿ ಅಲ್ಲ. ಆಗಿಲ್ಲದ ಹತ್ಯಾಕಾಂಡವನ್ನು ಆಯಿತು ಅಂತ ಹೆಮ್ಮೆಯಿಂದ ಬರೆದಿಟ್ಟಿದ್ದಾರೆ ಅಂದರೆ, ಅದು ಬೇರೆ ಥರದ ಪ್ರಶ್ನೆ. ಓದಿದವರು ಮುಂದೆ ಅದನ್ನು ನಿಜ ಮಾಡಿದರೆ?

ಪ್ರಾರ್ಥನಾ ಕೂಟದ ಮುಖಂಡ, ಕೋಲಾರ

ಮೇಷ್ಟ್ರೇ, ನಾನು ಒಪ್ಪಲ್ಲ. ಬರೆದಿರುವುದು ನಡೆದಿದೆ ಅಂತಲೇ ನಂಬುತ್ತೇನೆ. ಆದರೆ ಅದು ಆ ಕಾಲಕ್ಕೆ, ಆ ದೇಶಕ್ಕೆ ಕೊಟ್ಟ ಅಪ್ಪಣೆ. ಯಾರಿಗೂ ಎಂದೆಂದಿಗೂ ಕೊಟ್ಟ ಲೈಸೆನ್ಸ್ ಅಲ್ಲ. ಇಸ್ರಾಯೇಲಿಗೂ ದೇವರು ರಿಯಾಯಿತಿ ಕೊಡಲಿಲ್ಲ. ನೀವೂ ಹಾಗೇ ಮಾಡಿದರೆ ದೇಶ ನಿಮ್ಮನ್ನೂ ಕಾರಿಬಿಡುತ್ತದೆ ಅಂತ ಯಾಜಕಕಾಂಡ 18ರಲ್ಲಿ ಇದೆ. ಕೊನೆಗೆ ಬಾಬಿಲೋನಿನವರು ಬಂದು ಯೆರೂಸಲೇಮನ್ನು ಸುಟ್ಟರು. ಮಕ್ಕಳ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇದೆ ಅಂತ ನಟಿಸುವುದೂ ಇಲ್ಲ.

ಹೋಮ್ ನರ್ಸ್, ಮಂಗಳೂರು ಕಡೆಯವಳು, ಈಗ ಇಸ್ರೇಲಿನಲ್ಲಿ

ನಮ್ಮ ಊರಿನ ಕಡೆಯ ಬಹಳ ಜನ ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇವೆ. ನಾನಿರುವ ಮನೆಯ ಅಜ್ಜಿಯ ಜೊತೆ, ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಯೆಹೂದಿ ಹಬ್ಬ ಪಸ್ಕದ ರಾತ್ರಿ ಊಟಕ್ಕೆ ಕೂರುತ್ತೇನೆ. ಐಗುಪ್ತದ ಹತ್ತು ಬಾಧೆಗಳ ಹೆಸರು ಓದುವಾಗ ಒಂದೊಂದಕ್ಕೂ ಎಲ್ಲರೂ ಬೆರಳನ್ನು ದ್ರಾಕ್ಷಾರಸದಲ್ಲಿ ಅದ್ದಿ ಒಂದು ಹನಿ ತಟ್ಟೆಗೆ ಬಿಡುತ್ತಾರೆ. ರಕ್ತ, ಕಪ್ಪೆ, ಹೇನು... ಕೊನೆಗೆ ಚೊಚ್ಚಲ ಮಕ್ಕಳ ಸಾವು. ಬೆರಳು ನೆಕ್ಕಬಾರದು ಅಂತ ಅಜ್ಜಿ ಮೊಮ್ಮಕ್ಕಳನ್ನು ಗದರಿಸುತ್ತಾರೆ. ಯಾಕೆ ಅಂತ ಕೇಳಿದೆ. ನಮ್ಮ ಬಿಡುಗಡೆಗೆ ಬೇರೆಯವರು ಸತ್ತರು, ಅದಕ್ಕೆ ಲೋಟ ತುಂಬಿ ಇರಬಾರದು ಅಂದರು. ಫರೋಹನ ಸೈನ್ಯ ಮುಳುಗುವಾಗ ದೂತರು ಹಾಡಲು ಹೊರಟರಂತೆ. ‘ನನ್ನ ಕೈಯಿಂದ ಆದವರು ಸಮುದ್ರದಲ್ಲಿ ಮುಳುಗುತ್ತಿದ್ದಾರೆ, ನೀವು ಹಾಡುತ್ತೀರಾ?’ ಅಂತ ದೇವರು ತಡೆದನಂತೆ. ಇದೂ ತಾಲ್ಮುದ್‌ನದೇ ಕಥೆ. ಪಾದ್ರಿಗಳು ಹೇಳಿದ್ದು ಓದಿ ನೆನಪಾಯಿತು.

ಇನ್ನೊಂದು ಮುಖವೂ ಇದೆ. ಪೂರಿಮ್ ಅನ್ನುವ ಯೆಹೂದಿ ಹಬ್ಬಕ್ಕೆ ಮುಂಚಿನ ಸಬ್ಬತ್‌ನಲ್ಲಿ (ಶನಿವಾರದ ಆರಾಧನೆಯಲ್ಲಿ) ಅಮಾಲೇಕನ ನೆನಪನ್ನೇ ಅಳಿಸು ಅನ್ನುವ ಭಾಗ ಓದುತ್ತಾರೆ. 1994ರ ಪೂರಿಮ್ ದಿನವೇ ಒಬ್ಬ ಯೆಹೂದಿ ಡಾಕ್ಟರ್ ಹೆಬ್ರೋನಿನಲ್ಲಿ ನಮಾಜು ಮಾಡುತ್ತಿದ್ದ 29 ಪ್ಯಾಲೆಸ್ಟೀನಿಯರನ್ನು ಗುಂಡಿಟ್ಟು ಕೊಂದ. 2023ರ ಅಕ್ಟೋಬರ್ 7ರ ದಾಳಿ ಆದಮೇಲೆ ಪ್ರಧಾನಿ ನೆತನ್ಯಾಹು ಅಮಾಲೇಕನ ಮಾತು ಎತ್ತಿದರು. ದಕ್ಷಿಣ ಆಫ್ರಿಕಾ ಅದನ್ನೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಇಟ್ಟಿತು. ಅದು ಹಮಾಸ್ ಬಗ್ಗೆ ಹೇಳಿದ್ದು, ನರಮೇಧಕ್ಕೆ ಕರೆ ಅಲ್ಲ ಅಂತ ಅವರ ಕಚೇರಿ ಹೇಳಿತು. ನಾನಿರುವ ಮನೆಯಲ್ಲೇ ಇದರ ಬಗ್ಗೆ ಊಟದ ಟೇಬಲ್ಲಿನಲ್ಲಿ ಜಗಳ ಆಗಿದೆ. ಆ ಜನಾಂಗಗಳೆಲ್ಲ ಯಾವಾಗಲೋ ಬೆರೆತುಹೋದವು, ಈಗ ಯಾರನ್ನೂ ಬೆರಳು ಮಾಡಿ ತೋರಿಸಲು ಆಗಲ್ಲ ಅಂತ ಹಳೆಯ ರಬ್ಬಿಗಳೇ ಆ ದಾರಿ ಮುಚ್ಚಿದ್ದಾರೆ ಅನ್ನುವುದು ಅಜ್ಜಿಯ ವಾದ. ಮಗ ಒಪ್ಪುವುದಿಲ್ಲ.

ಎಂಜಿನಿಯರ್, ಸಭೆ ಬಿಟ್ಟವನು

ನಾನು ಬಿಟ್ಟಿದ್ದು ಈ ಅಧ್ಯಾಯಗಳಿಂದ ಅಲ್ಲ. ‘ಯಜ್ಞಕ್ಕಿಂತ ವಿಧೇಯತೆ ಮೇಲು’ ಅನ್ನುವ ಪ್ರಸಂಗ ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದೆ. ಯೂತ್ ಕ್ಯಾಂಪ್ ಅಂದರೆ ಅದೇ ವಚನ. ಅದು 1 ಸಮುವೇಲ 15ರದ್ದು, ಪೂರ್ತಿ ಕೊಲ್ಲದೆ ಇದ್ದವನಿಗೆ ಹೇಳಿದ ಮಾತು ಅಂತ ಒಬ್ಬರೂ ಹೇಳಿರಲಿಲ್ಲ. ಕಾಲೇಜಿನಲ್ಲಿ ನಾನೇ ಓದಿ ತಿಳಿದಾಗ, ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಅನ್ನಿಸಿತು. ಟೀಚರ್, ಅವಳಿಗೆ ಉತ್ತರ ಕೊಡದಿದ್ದರೂ ಪರವಾಗಿಲ್ಲ, ಪುಟ ಮಾತ್ರ ಮುಚ್ಚಬೇಡಿ.

ಸಿಸ್ಟರ್, ಮೈಸೂರು

ಮುಚ್ಚುವ ಮಾತು ಬಂತಲ್ವಾ, ಅದಕ್ಕೆ ಹೇಳುತ್ತೇನೆ. ನಾವು ಕಥೋಲಿಕ ಸನ್ಯಾಸಿನಿಯರು ದಿನವೂ ಬೈಬಲಿನ ಕೀರ್ತನೆಗಳನ್ನು ಹೇಳುತ್ತೇವೆ. 1971ರಲ್ಲಿ ಹೊಸ ಪ್ರಾರ್ಥನೆ ಪುಸ್ತಕ ಬಂದಾಗ ಶಾಪದ ಕೀರ್ತನೆಗಳು ಅಂತ 58, 83, 109 ಪೂರ್ತಿ ಹೋದವು. 137ರಲ್ಲಿ ಬಾಬಿಲೋನಿನ ನದಿಗಳ ಬಳಿ ಅಳುವ ಭಾಗ ಉಳಿಯಿತು. ಶತ್ರುವಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಅನ್ನುವ ಕೊನೆ ಹೋಯಿತು. ಬಹಳ ಒಳ್ಳೆಯದಾಯಿತು ಅಂತಲೇ ನಾನು ಅಂದುಕೊಂಡಿದ್ದೆ.

ಆಮೇಲೆ ಆಸ್ಪತ್ರೆಯ ಸೇವೆಯಲ್ಲಿ ಒಬ್ಬ ಹೆಂಗಸಿನ ಜೊತೆ ಬಹಳ ದಿನ ಕೂತೆ. ಅವಳ ಮಗಳಿಗೆ ಮಾಡಬಾರದ್ದನ್ನು ಮಾಡಿದವನು ಹೊರಗೆ ಆರಾಮಾಗಿ ಓಡಾಡಿಕೊಂಡಿದ್ದ. ಕ್ಷಮಿಸು ಅಂತ ಎಲ್ಲರೂ ಅವಳಿಗೆ ಹೇಳಿ ಹೋಗುತ್ತಿದ್ದರು. ನಾನು 109 ಓದಿದೆ. ಅವನ ಹೆಂಡತಿ ವಿಧವೆಯಾಗಲಿ, ಮಕ್ಕಳು ತಿರಿದು ತಿನ್ನಲಿ ಅನ್ನುವಲ್ಲಿ ಅವಳು ತಲೆ ಎತ್ತಿದಳು. ‘ಇದೂ ಬೈಬಲಲ್ಲಿ ಇದೆಯಾ?’ ಅಂದಳು. ಮತ್ತೆ ಓದಿಸಿದಳು.

ಯೆಹೋಶುವನ ಗ್ರಂಥಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಕತ್ತಿ ಹಿಡಿದವನು ಕೊಲ್ಲುವುದು ದೇವರ ಇಷ್ಟ ಅಂದರೆ ನನಗೆ ಭಯ. ಎಲ್ಲ ಕಳೆದುಕೊಂಡು ಸೆರೆ ಹೋದವನು ಸೇಡನ್ನು ದೇವರ ಕೈಗೆ ಹಾಕಿ ಅಳುವುದನ್ನು ತಡೆಯಲು ನಾನು ಯಾರು? ಮಕ್ಕಳಿಗೆ ಇದನ್ನು ಹೇಳಿಕೊಡಬೇಕು ಅಂತಲ್ಲ. ಎಲ್ಲ ಹಿಂಸೆಯ ಪುಟಗಳನ್ನೂ ಒಂದೇ ಗಂಟಿಗೆ ಕಟ್ಟಬೇಡಿ ಅಂತ ಅಷ್ಟೇ.

ಯಕ್ಷಗಾನದ ಹುಚ್ಚಿನವನು, ಶಿರಸಿ

ಬೈಬಲ್ ನನ್ನ ಗ್ರಂಥ ಅಲ್ಲ. ಆದರೆ ಖಾಂಡವವನದಲ್ಲಿ ಸುಟ್ಟ ಪ್ರಾಣಿಗಳು ಏನು ಮಾಡಿದ್ದವು ಅಂತ ನನ್ನ ಮಗನೂ ಕೇಳಿದ್ದಾನೆ. ನಮ್ಮಲ್ಲಿ ಒಳ್ಳೆಯ ಅರ್ಥಧಾರಿ ಸಿಕ್ಕರೆ ಕೃಷ್ಣನನ್ನೇ ರಂಗದ ಮೇಲೆ ನಿಲ್ಲಿಸಿ ಕೇಳಿಬಿಡುತ್ತಾನೆ. ನಿಮ್ಮಲ್ಲೂ ಅಬ್ರಹಾಮ ಹಾಗೇ ಕೇಳಿದನಂತಲ್ಲ?

ಸಂಡೇ ಸ್ಕೂಲ್ ಸೂಪರಿಂಟೆಂಡೆಂಟ್, ಹುಬ್ಬಳ್ಳಿ

ಹೌದು, ಕೇಳಿದ. ಆದಿಕಾಂಡ 18. ದೇವರು ನಾಶ ಮಾಡಲು ಹೊರಟಿದ್ದ ಸೊದೋಮ್ ಪಟ್ಟಣದಲ್ಲಿ 50 ಜನ ನೀತಿವಂತರಿದ್ದರೆ ಅಂತ ಶುರು ಮಾಡಿ 10ಕ್ಕೆ ಇಳಿಸಿದ. ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯ ಮಾಡಬೇಡವಾ ಅಂತ ಮುಖಕ್ಕೇ ಕೇಳಿದ. ದೇವರು ಸಿಟ್ಟಾಗಲಿಲ್ಲ. ಅದೇ ಅಬ್ರಹಾಮ 22ರಲ್ಲಿ ಸ್ವಂತ ಮಗನನ್ನು ಕೊಲ್ಲು ಅಂದಾಗ ತುಟಿ ಬಿಚ್ಚಲಿಲ್ಲ ಅನ್ನುವುದು ನನಗೆ ಇವತ್ತಿಗೂ ಕಸಿವಿಸಿ.

ಟೀಚರ್, ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಚಿಕ್ಕ ಕ್ಲಾಸಿಗೆ ಯೆರಿಕೋ ಪಾಠವೇ ಬೇಡ, ಆಟ ಆಡಿಸಿ ಹೇಳುವ ಕಥೆ ಅಲ್ಲ ಅದು. ನಿಮ್ಮ ಕ್ಲಾಸಿನ ವಯಸ್ಸಿನ ಮಕ್ಕಳಿಗೆ, ಯೆಹೋಶುವನ ಗೂಢಚಾರರನ್ನು ಬಚ್ಚಿಟ್ಟ ಯೆರಿಕೋವಿನ ಹೆಂಗಸು ರಾಹಾಬಳ ಮನೆಯ ಒಳಗಿಂದ ಹೇಳಿ. ಅವಳ ಮನೆ ಊರಗೋಡೆಗೇ ಅಂಟಿಕೊಂಡಿತ್ತು, ಆ ಮನೆಯನ್ನು ಬಿಟ್ಟುಬಿಡಲು ಗುರುತಾಗಿ ಕಿಟಕಿಗೆ ಕೆಂಪು ಹಗ್ಗ ಕಟ್ಟಿದ್ದಳು. ಒಳಗೆ ಬಂದವರೆಲ್ಲ ಉಳಿದರು, ಬರೀ ಅವಳಲ್ಲ. ನೀವು ಆ ಮನೆಗೆ ಯಾರನ್ನು ಕರೆತರುತ್ತಿದ್ದಿರಿ ಅಂತ ಕೇಳಿ, ಚೀಟಿಯಲ್ಲಿ ಬರೆಸಿ. ನಮ್ಮಲ್ಲಿ ಒಬ್ಬ ಹುಡುಗ ಶಾಲೆ ವ್ಯಾನಿನಲ್ಲಿ ಬರುವವರ ಹೆಸರನ್ನೆಲ್ಲ ಬರೆದ, ತನ್ನನ್ನು ಹೊಡೆಯುತ್ತಿದ್ದವನನ್ನೂ ಸೇರಿಸಿ. ಇನ್ನೊಬ್ಬಳು ಹಗ್ಗದ ವಿಷಯ ಊರಿಗೆಲ್ಲ ಯಾಕೆ ಹೇಳಲಿಲ್ಲ ಅಂತ ರಾಹಾಬಳ ಮೇಲೇ ಸಿಟ್ಟಾದಳು. ಗಂಟೆ ಹೊಡೆದರೂ ಚರ್ಚೆ ಮುಗಿಯಲಿಲ್ಲ.

ನಿಮ್ಮ ಹುಡುಗಿ ಮತ್ತೆ ಕೇಳಿದರೆ, ಆ ಮಕ್ಕಳು ಏನೂ ಮಾಡಿರಲಿಲ್ಲ ಅಂತ ನೇರವಾಗಿ ಹೇಳಿ. ಅಲ್ಲಿಂದ ಶುರು ಮಾಡಿದರೆ ಮಾತು ಮುಂದೆ ಹೋಗುತ್ತದೆ. ಪ್ರಶ್ನೆ ಕೇಳುವುದನ್ನೇ ಕಲಿಸುತ್ತಿದ್ದೀರಾ ಅಂತ ಪಾಲಕರಲ್ಲಿ ಒಬ್ಬರಾದರೂ ಕಮಿಟಿಗೆ ದೂರು ಕೊಡುತ್ತಾರೆ, ಅದಕ್ಕೆ ತಯಾರಾಗಿರಿ. ಶನಿವಾರವೇ ಎಲ್ಲ ಮನೆಗೂ ಒಂದು ಮೆಸೇಜ್ ಹಾಕಿ: ನಾಳೆ ಆದಿಕಾಂಡ 18, ಅಪ್ಪ-ಅಮ್ಮನೂ ಓದಿಕೊಂಡು ಬನ್ನಿ.